ಕೋಡಿ ಹರಿದ ವರ್ಷದ ಅರ್ಧ ನಿಮಿಷ

ನಾಳೆ ಆಯುಧಪೂಜೆ ಎಂದು ಸೊಸೆ ಸುಜಾತ ಅಟ್ಟದ ಸಾಮಾನು ಇಳಿಸಿ ಒರೆಸುತ್ತಿದ್ದಳು. ನನ್ನ ಹಳೆಯ ಸ್ಪ್ಯಾನರುಗಳು, ಪೆಟ್ರೋಮ್ಯಾಕ್ಸ್ ದೀಪ, ಮೊಮ್ಮಗನ ಸೈಕಲ್ಲು ಎಲ್ಲ ಹಜಾರದಲ್ಲಿ ಸಾಲಾಗಿ ನಿಂತಿದ್ದವು. ಕೊನೆಗೆ ಒಂದು ಚರ್ಮದ ಪೆಟ್ಟಿಗೆಯೂ ಒಂದು ದುಂಡನೆಯ ತಗಡಿನ ಡಬ್ಬಿಯೂ ಇಳಿದವು. ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ತುದಿಯಿಂದ ಮೀಟಿ ತೆಗೆದವಳು ತಟಕ್ಕನೆ ಮೂಗಿಗೆ ಸೆರಗು ಹಿಡಿದಳು.

"ಮಾವ, ಇದ್ರಾಗೆ ಉಪ್ಪಿನಕಾಯಿ ಹಾಕಿ ಮರ್ತುಬಿಟ್ಟಿದ್ರಾ? ಹುಳಿ ವಾಸ್ನೆ ಹೊಡೀತೈತೆ."

"ಅದು ಉಪ್ಪಿನಕಾಯಲ್ಲಮ್ಮ, ದೇವರಾಯಸಮುದ್ರದ ಕೆರೆ" ಅಂದೆ.

ಅವಳು ನನ್ನ ಮುಖ ನೋಡಿದಳು. ವಯಸ್ಸಾದವರು ಹೀಗೆ ಏನಾದರೂ ಅಂದಾಗ ಅವಳು ನೋಡುವ ರೀತಿ ಒಂದಿದೆ. ಮಾತು ಬೆಳೆಸದೆ ಒಲೆಯ ಮೇಲಿದ್ದ ಬೇಳೆ ನೋಡಲು ಒಳಗೆ ಹೋದಳು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಳೆಯ ಫಿಲಂ ಕೆಡುವಾಗ ಹುಳಿ ವಾಸನೆ ಬರುತ್ತದೆ. ಒಳಗಿದ್ದ ಸುರುಳಿ ಒಣಗಿದ ಬಾಳೆಪಟ್ಟೆಯ ಹಾಗೆ ಮುರುಟಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಗಟ್ಟಿಯಾಗಿತ್ತು. ಇನ್ನು ಅದನ್ನು ಯಾವ ಮಿಷನ್ನಿನಲ್ಲೂ ಓಡಿಸುವ ಹಾಗಿಲ್ಲ. ಆದರೆ ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. ಯಾವ ನೀರಿನ ಹಿಂದೆ ಯಾವ ನೀರು ಬರುತ್ತದೆ ಎಂಬುದೂ ಗೊತ್ತು.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು, ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ನನಗೆ ಆಗ ಇಪ್ಪತ್ತನಾಲ್ಕು. ಎರಡು ವರ್ಷದ ಹಿಂದೆಯಷ್ಟೇ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತು ಪಾಸಾಗಿದ್ದೆ. ಹದಿಮೂರು ವರ್ಷದ ಹುಡುಗರ ನಡುವೆ, ಮೊಣಕಾಲು ಹಿಡಿಸದ ಬೆಂಚಿನಲ್ಲಿ ಓರೆಯಾಗಿ ಕೂತು ಬರೆದಿದ್ದೆ. ಮೀಸೆ ಇರುವವನು ಪರೀಕ್ಷೆಗೆ ಬಂದಿದ್ದಾನೆಂದು ಅವರು ನನ್ನನ್ನೇ ಮೇಷ್ಟ್ರು ಅಂದುಕೊಂಡು ಎದ್ದು ನಿಂತಿದ್ದರು. ಆ ಒಂದು ಪಾಸಿನ ಬಲದಿಂದ ಮುಳಬಾಗಿಲಿನಲ್ಲಿ ಕೆರೆ ಕಾಮಗಾರಿಯ ಓವರ್ಸಿಯರ್ ವಾಸುದೇವರಾಯರ ಹತ್ತಿರ ಸರಪಳಿ ಹಿಡಿಯುವ ಕೆಲಸ ಸಿಕ್ಕಿತು. ಅವರು ಕೆರೆ ಏರಿಯ ಉದ್ದ ಅಳೆಯುವಾಗ ಅಳತೆ ಸರಪಳಿಯ ಒಂದು ತುದಿ ಹಿಡಿದು ಮುಂದೆ ಮುಂದೆ ಹೋಗುವುದು, ಅಷ್ಟೇ.

ರಾಯರು ಮೈಸೂರಿನ ಕಡೆಯವರು. ಮೂವತ್ತೈದರ ಆಸುಪಾಸು. ಸಣ್ಣಗೆ, ಉದ್ದಕ್ಕೆ ಇದ್ದರು. ಕೊಡೆ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಅವರ ಹತ್ತಿರ ಒಂದು ಸಿನಿಮಾ ಕ್ಯಾಮೆರಾ ಇತ್ತು. ಚಿನ್ನದ ಗಣಿಯ ಯಾರೋ ದೊರೆ ಊರಿಗೆ ಹಿಂತಿರುಗುವಾಗ ಮಾರಿ ಹೋದದ್ದು. ಟಾಕೀಸಿನಲ್ಲಿ ಓಡುವ ಫಿಲಂ ಅಲ್ಲ, ಹೆಬ್ಬೆರಳಿನಷ್ಟೇ ಅಗಲದ್ದು, ಹದಿನಾರು ಮಿಲಿಮೀಟರಿನದು. ಒಂದು ಸುರುಳಿ ಓಡಿದರೆ ನಾಲ್ಕು ನಿಮಿಷ. ಕರೆಂಟು ಬೇಡ; ಗಡಿಯಾರದ ಹಾಗೆ ಪಕ್ಕದಲ್ಲಿ ಕೀಲಿ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ, ಗುಂಡಿ ಒತ್ತಿ ಹಿಡಿದರೆ ಅರ್ಧ ನಿಮಿಷ ಓಡುತ್ತದೆ. ಯುದ್ಧದಿಂದ ಹೊಸ ಫಿಲಂ ಬರುವುದು ನಿಂತುಹೋಗಿತ್ತು. ಹಳೆಯ ದಾಸ್ತಾನಿನಲ್ಲಿ ಮೂರು ಸುರುಳಿ ಉಳಿದಿದ್ದವು. ಅದಕ್ಕೇ ರಾಯರು ಗುಂಡಿ ಒತ್ತುವ ಮೊದಲು ಬಹಳ ಹೊತ್ತು ಸುಮ್ಮನೆ ನಿಂತು ನೋಡುತ್ತಿದ್ದರು. ಒತ್ತಿದ ಮೇಲೆ ಎಡಗೈಯ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಿತ್ತು, ಜಪ ಎಣಿಸುವವರ ಹಾಗೆ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಅದು ಒಂದು ಸುತ್ತು. ಎರಡು ಸುತ್ತು ಆಯಿತೆಂದರೆ ಬೆರಳು ಗುಂಡಿಯಿಂದ ಏಳುತ್ತಿತ್ತು. ಸ್ಪ್ರಿಂಗಿನ ಕೊನೆಯ ಉಸಿರಿನವರೆಗೆ ಓಡಿಸಬಾರದು ಎನ್ನುತ್ತಿದ್ದರು.

ಕ್ಯಾಮೆರಾ ಮುಟ್ಟುವ ಭಾಗ್ಯ ನನಗೆ ಬಂದದ್ದು ಅದನ್ನು ಶುಚಿ ಮಾಡುವವನಾಗಿ. ಫಿಲಂ ಹಾದುಹೋಗುವ ಕಿರಿದಾದ ಬಾಗಿಲಿನ ಹತ್ತಿರ ಫಿಲಂನ ಮೇಲಿನ ಲೇಪ ಉದುರಿ, ರಾಗಿ ಗಡಿಗೆಯ ತಳದ ಸೀಕಿನ ಹಾಗೆ ಅಂಟಿಕೊಳ್ಳುತ್ತದೆ. ಅದು ಉಳಿದರೆ ಮುಂದಿನ ಫಿಲಂಗೆಲ್ಲ ಗೀರು. ಕಬ್ಬಿಣ ಮುಟ್ಟಿಸುವ ಹಾಗಿಲ್ಲ. ಬಿದಿರು ಕಡ್ಡಿ ಹೆರೆದು, ಹಳೆಯ ಮಲ್ಲು ಬಟ್ಟೆ ಸುತ್ತಿ, ಉಸಿರು ಹಿಡಿದು ತೆಗೆಯಬೇಕು. ಆಮೇಲೆ ಕಿರುಬೆರಳಿನ ಉಗುರು ಆಡಿಸಿ ನೋಡಬೇಕು, ಎಲ್ಲೂ ತಡೆಯಬಾರದು. ಎಣ್ಣೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟೇ. ಎತ್ತಿಡುವ ಮುಂಚೆ ಸ್ಪ್ರಿಂಗನ್ನು ಪೂರ್ತಿ ಸಡಿಲ ಬಿಡಬೇಕು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಹುರಿದ ಅಕ್ಕಿಯ ಚಿಕ್ಕ ಗಂಟು ಇಡಬೇಕು, ಅದು ತೇವ ಎಳೆದುಕೊಳ್ಳುತ್ತದೆ. ಇದೆಲ್ಲ ರಾಯರು ಹೇಳಿಕೊಟ್ಟದ್ದು. ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ದಿನಕ್ಕೆ ಅರ್ಧ ಪುಟ ಓದಿಸಿ ಅರ್ಥ ಹೇಳುತ್ತಿದ್ದರು. ನಾನು ಕಲಿತ ಇಂಗ್ಲಿಷೆಲ್ಲ ಸ್ಪ್ರಿಂಗು, ಗೇಟು, ಎಣ್ಣೆಗೆ ಸೇರಿದ್ದು.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಪಾಠವಿತ್ತು. ಕ್ಯಾಮೆರಾಕ್ಕೆ ಎರಡು ಗಾಜು. ಕೆಳಗಿನದು ಚಿತ್ರ ತೆಗೆಯುವ ಗಾಜು. ಅದರ ಮೇಲೆ ಒಂದು ಪುಟ್ಟ ಕಿಂಡಿ, ನಾವು ಕಣ್ಣಿಟ್ಟು ನೋಡುವುದು ಅದರಲ್ಲಿ. ದೂರದ್ದು ತೆಗೆಯುವಾಗ ಎರಡೂ ಒಂದೇ ನೋಡುತ್ತವೆ. ಹತ್ತಿರದ್ದಕ್ಕೆ ಹಾಗಲ್ಲ, ಕಿಂಡಿಗೆ ತಲೆ ಕಂಡರೂ ಕೆಳಗಿನ ಗಾಜಿಗೆ ಕಾಣದೇ ಹೋಗಬಹುದು. ಅದಕ್ಕೆ, ಹತ್ತಿರ ಇದ್ದಾಗ ಮೂತಿ ಸ್ವಲ್ಪ ಮೇಲಕ್ಕೆತ್ತಬೇಕು. "ಒಂದಿನ ನೀನೇ ತೆಗೀತೀಯಲ್ಲೋ ಮುನಿಸ್ವಾಮಿ, ಅವತ್ತಿಗೆ ನೆನಪಿಟ್ಕೋ" ಎನ್ನುತ್ತಿದ್ದರು.

ಆ ವರ್ಷ ಹಿಂಗಾರು ಮಳೆ ಯಾರೂ ಕಂಡಿರದ ಹಾಗೆ ಬಂತು. ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ, ತುಂಬಿ ಕೋಡಿ ಹರಿಯುವುದಂತೂ ಜನ ಅದರಿಂದ ವರ್ಷಗಳನ್ನು ಎಣಿಸುವಷ್ಟು ಅಪರೂಪ. ಆಯುಧಪೂಜೆಯ ಬೆಳಗ್ಗೆ ರಾಯರ ಮನೆ ಜಗಲಿಯಲ್ಲಿ ಸರಪಳಿ, ಅಳತೆಯ ಸಾಮಾನು, ಕ್ಯಾಮೆರಾ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದ್ದೆ. ರಾಯರ ಹೆಂಡತಿ ಲಲಿತಮ್ಮ ಅರಿಸಿನ ಕುಂಕುಮದ ಬಟ್ಟಲು ತಂದರು. ನಾವೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತಿದ್ದೆವು. ಎರಡು ವರ್ಷದ ಮಗಳು ಪದ್ಮ ಸೊಂಟದ ಮೇಲಿದ್ದಳು. ನೀರಿನಲ್ಲಿ ಕಲಸಿದ ಕುಂಕುಮವನ್ನು ಒಂದೊಂದಕ್ಕೂ ಇಡುತ್ತಾ ಬಂದವರು ಕ್ಯಾಮೆರಾದ ಹತ್ತಿರ ಗಾಜಿನ ಕಡೆಗೇ ಬೆರಳು ಚಾಚಿದರು.

"ಅದಕ್ಕೆ ಬೇಡ ಅಮ್ಮ, ಅದು ಕಣ್ಣು" ಅಂದೆ.

"ಹಾಗಾದ್ರೆ ಹಣೆ ಎಲ್ಲೋ ಇದಕ್ಕೆ?"

ನಾನು ಮೇಲಿನ ಕಿಂಡಿ ತೋರಿಸಿದೆ. ಅವರು ಅಲ್ಲಿಗೆ ಒಂದು ಬೊಟ್ಟು ಇಟ್ಟರು. ಚಿತ್ರದ ಗಾಜು ಉಳಿಸಿದೆ ಎಂದು ನನಗೆ ಹೆಮ್ಮೆಯೇ ಆಯಿತು.

ಪೂಜೆ ಮುಗಿದಿತ್ತಷ್ಟೇ. ದೇವರಾಯಸಮುದ್ರದಿಂದ ಆಳು ಓಡಿಬಂದು ಕೆರೆ ಕೋಡಿ ಬಿದ್ದಿದೆ ಅಂದ. ರಾಯರು ಪಂಚೆ ಎತ್ತಿಕಟ್ಟಿ, ಕೊಡೆ ಹಿಡಿದು, ಕ್ಯಾಮೆರಾ ತಗೋ ಎಂದರು. ಪೂಜೆಗೆ ಕೂತ ಆಯುಧವನ್ನು ಅಂದು ಎತ್ತುವುದಿಲ್ಲ, ವಿಜಯದಶಮಿಗೇ ತೆಗೆಯುವುದು. ಹಾಗಂತ ಹೇಳಿದೆ. ಕೆರೆಗೆ ನಾಳೆವರೆಗೆ ಕಾಯೋಕೆ ಹೇಳಿ ಬರ್ತೀಯಾ ಎಂದು ಕೇಳಿದರು. ಕೊನೆಯ ಸುರುಳಿಯನ್ನು ಹಾಕಿಕೊಂಡು, ಜಟಕಾ ಹತ್ತಿ ಹೋದೆವು.

ಕೋಡಿಯ ಹತ್ತಿರ ಊರಿಗೆ ಊರೇ ನಿಂತಿತ್ತು. ಕೆರೆಯಿಂದ ಗದ್ದೆಗೆ ನೀರು ಬಿಡುವ ನೀರುಗಂಟಿ ಹಣೆ ತುಂಬ ವಿಭೂತಿ ಬಳಿದುಕೊಂಡು, ತಾನೇ ಹೆತ್ತವನ ಹಾಗೆ ನೀರನ್ನು ನೋಡುತ್ತಿದ್ದ. ಹೆಂಗಸರು ಮೊರದಲ್ಲಿ ಬಾಗಿನ ತಂದಿದ್ದರು. ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ರಾಯರು ಕಿಂಡಿಯಲ್ಲಿ ಕಣ್ಣಿಟ್ಟವರು ಬೊಟ್ಟು ಕಂಡು ನಕ್ಕರು. ನಾನು ಒರೆಸಲು ಹೋದರೆ ಬೇಡವೆಂದು ನನ್ನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿ ಮತ್ತೆ ನಕ್ಕರು. ಮೂಲೆಯ ಬೊಟ್ಟು ದೂರದ ನೀರಿಗೆ ಅಡ್ಡಿಯಾಗಲಿಲ್ಲ. ಕೋಡಿ, ಏರಿ, ಬಾಗಿನ, ನೀರುಗಂಟಿ, ಎಲ್ಲ ತೆಗೆದರು. ಅರ್ಧಕ್ಕಿಂತ ಹೆಚ್ಚು ಸುರುಳಿ ಆಯಿತು. ಆಮೇಲೆ ಕೀಲಿ ತಿರುಗಿಸಿ, ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು.

"ನಂದು ಒಂದು ತೆಗಿ. ಇಷ್ಟು ವರ್ಷ ಎಲ್ಲರದೂ ತೆಗೆದೆ, ಒಂದರಲ್ಲೂ ನಾನಿಲ್ಲ. ನಿಮ್ಮಮ್ಮಾವ್ರು ದಿನಾ ಅದನ್ನೇ ಹೇಳ್ತಾರೆ."

ಆರು ಮಾರು ದೂರ ನಿಲ್ಲಬೇಕಿತ್ತು. ಹಿಂದೆ ಜನ, ಪಕ್ಕದಲ್ಲಿ ನೀರು. ಎರಡು ಮಾರು ಜಾಗ ಸಹ ಇರಲಿಲ್ಲ. ಕಿಂಡಿಯಲ್ಲಿ ನೋಡಿದರೆ ಬೊಟ್ಟು ಅಡ್ಡ ಬಂತು. ಹೊಸದಾಗಿ ಹಿಡಿದವನಿಗೆ ಅದೇ ದೊಡ್ಡದಾಗಿ ಕಂಡಿತು. ತುಂತುರಿನಲ್ಲಿ ನೆನೆದ ಬೆರಳಿನಿಂದ ಒರೆಸಿಬಿಟ್ಟೆ. ಬೊಟ್ಟು ಹೋಗಲಿಲ್ಲ, ಹರಡಿತು. ಕಿಂಡಿಯ ಮೇಲಿನ ಅರ್ಧ ಕೆಂಪು ಮಬ್ಬು. ಕೆಳಗಿನ ಅರ್ಧದಲ್ಲಿ ರಾಯರ ಎದೆ, ಕೈ, ಕೊಡೆಯ ಹಿಡಿ ಸ್ಪಷ್ಟವಾಗಿದ್ದವು. ತಲೆ ಆ ಕೆಂಪಿನೊಳಗೇ ಇದೆ ಎಂದುಕೊಂಡು ಗುಂಡಿ ಒತ್ತಿದೆ. ಅವರ ಹೆಬ್ಬೆರಳು ಗೆಣ್ಣಿನ ಮೇಲೆ ಓಡತೊಡಗಿತು, ನನ್ನ ಪರವಾಗಿ ಅವರೇ ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ತೋರುಬೆರಳು ಎತ್ತಿದರು. ಇನ್ನೊಂದು ಸುತ್ತು ಓಡಿಸು ಅನ್ನುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. ಮತ್ತೆ ಎತ್ತಿದರು. ನಾನು ಮತ್ತೆ ತಲೆಯಾಡಿಸಿ ಒತ್ತಿಯೇ ಹಿಡಿದೆ. ಅವರು ತಿರುಗಿ ನೀರಿನ ಕಡೆ ನಡೆದರು. ಒಳಗೆ ಟಪ್ ಎಂದಿತು. ಸ್ಪ್ರಿಂಗು ಮುರಿದಿತ್ತು.

ರಾಯರು ಬೈಯಲಿಲ್ಲ. ಒಳಗೆ ಫಿಲಂ ಇದೆ, ತೆರೆಯಬೇಡ, ಹಬ್ಬ ಮುಗಿದ ಮೇಲೆ ಗಡಿಯಾರ ರಿಪೇರಿಯ ಖಾದರ್ ಸಾಬರ ಹತ್ತಿರ ಹೋಗೋಣ ಎಂದರು. ಮನೆಗೆ ಹೋಗಿ ಕ್ಯಾಮೆರಾ ಒರೆಸುವಾಗಲೇ ನನಗೆ ನೆನಪಾದದ್ದು. ಮೂತಿ ಮೇಲಕ್ಕೆತ್ತಲು ಮರೆತಿದ್ದೆ. ಕೆಂಪಿನೊಳಗೆ ತಲೆ ಇತ್ತೋ, ಕೆಂಪಿನ ಆಚೆಗೆ ಇತ್ತೋ ನನಗೆ ಗೊತ್ತಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅವರಿಗೆ ಜ್ವರ. ಹನ್ನೆರಡನೆಯ ದಿನ ತೀರಿಕೊಂಡರು.

ನಮ್ಮವ್ವ ಒಂದೇ ಮಾತಂದಳು. ಅವಳ ಮಾತಿನಲ್ಲಿ ತೆಲುಗು ಅರ್ಧ ಕನ್ನಡ ಅರ್ಧ. "ಪೂಜೆಗೆ ಕೂತಿದ್ದನ್ನ ಎತ್ತಕೂಡದು ಅಂತ ನೀನೇ ಅಂದೆ ಕದರಾ. ಮತ್ತೆ ಯಾಕ್ರಾ ಎತ್ತಿದೆ?"

ಅಮ್ಮಾವ್ರು ಮಗುವನ್ನು ಕರೆದುಕೊಂಡು ಕೋಲಾರದಲ್ಲಿ ಪ್ಲೀಡರಾಗಿದ್ದ ಅಣ್ಣನ ಮನೆಗೆ ಹೋದರು. ಒಂದು ತಿಂಗಳಾದ ಮೇಲೆ ನನಗೆ ಕಾರ್ಡು ಬಂತು. ಹೋದೆ. ನಡುಮನೆಯ ಬಾಗಿಲ ಹಿಂದೆ ನಿಂತು ಮಾತಾಡಿದರು. ಹಣೆ ಖಾಲಿ ಇತ್ತು. ನಾನು ನೆಲ ನೋಡಿದೆ. ಕ್ಯಾಮೆರಾವನ್ನು ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಊರಿನ ಫೋಟೋದವನೊಬ್ಬ ಮುಚ್ಚಳ ತೆಗೆದು ನೋಡುತ್ತೇನೆ ಎಂದನಂತೆ. ಬೆಳಕು ಬಿದ್ದರೆ ಎಲ್ಲ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಕೊಟ್ಟಿರಲಿಲ್ಲ.

"ಮದುವೆ ಫೋಟೋ ಒಂದಿದೆ. ಪೇಟ ಕಟ್ಕೊಂಡು ಬೊಂಬೆ ಹಾಗೆ ಕೂತಿದ್ದಾರೆ. ಅದು ಅವರಲ್ಲ. ನೀನು ತೆಗೆದಿದ್ದೀಯಂತೆ, ಜ್ವರದಲ್ಲಿ ಹೇಳಿದ್ರು. ಇವಳು ದೊಡ್ಡವಳಾದ ಮೇಲೆ ನಿಮ್ಮಪ್ಪ ಹೀಗಿದ್ರು, ಹೀಗೆ ನಡೀತಿದ್ರು, ಹೀಗೆ ನಗ್ತಿದ್ರು ಅಂತ ತೋರಿಸ್ಬೇಕು ಮುನಿಸ್ವಾಮಿ. ಬಾಯಲ್ಲಿ ಹೇಳಿದ್ರೆ ಏನು ಗೊತ್ತಾಗತ್ತೆ."

ಹೇಳಬೇಕಾದದ್ದು ಆಗಲೇ. ನಾಲಿಗೆಯ ತುದಿಗೆ ಬಂತು. ತಲೆ ಕಾಣದೇ ಇರಬಹುದು ಎಂದರೆ ಯಾಕೆ ಎಂದು ಕೇಳುತ್ತಾರೆ. ಕುಂಕುಮ ಅಡ್ಡ ಬಂತು ಅನ್ನಬೇಕು. ಯಾರಿಟ್ಟ ಕುಂಕುಮ? ಹಣೆ ಅಳಿಸಿಕೊಂಡು ಒಂದು ತಿಂಗಳಾದವರ ಎದುರಿಗೆ ಆ ಮಾತು ತೆಗೆಯಲು ಆಗಲಿಲ್ಲ. ಆಗಲಿ ಅಮ್ಮ ಎಂದು ಗಂಟು ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಮುಳಬಾಗಿಲಿನವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಖಾದರ್ ಸಾಬರದು ದರ್ಗಾದ ಬೀದಿಯಲ್ಲಿ ಗಡಿಯಾರದ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಊರಿನವರ ಜೊತೆ ಮಾತಾಡುವ ಮನುಷ್ಯ. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ,  ಸ್ಪ್ರಿಂಗಿನ ಒಳತುದಿ ಕೊಕ್ಕೆಯ ಹತ್ತಿರ ಕಿತ್ತುಹೋಗಿದೆ, ಹಲ್ಲಿನ ಚಕ್ರ ಕಚ್ಚಿಕೊಂಡಿದೆ ಎಂದರು. ಮೊದಲು ಫಿಲಂ ತೆಗೆಯಬೇಕು, ಅದೂ ಪೂರ್ತಿ ಕತ್ತಲಲ್ಲಿ. ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಗೋಣಿ ಹೊಡೆದು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಸಾಲದೆಂದು ಎರಡು ಕಂಬಳಿ ಹೊದ್ದು ಮಟಮಟ ಮಧ್ಯಾಹ್ನ ಇಬ್ಬರೂ ಕೂತೆವು. ಕುರಿಯ ವಾಸನೆ, ಬೆವರು. ಅವರು ಚಿಮಟದಿಂದ ಚಕ್ರದ ಕೊಂಡಿ ಎತ್ತಿ ಹಿಡಿಯಬೇಕು, ನಾನು ಬೆರಳಲ್ಲೇ ತಡವಿ ಫಿಲಂ ಹಲ್ಲಿನಿಂದ ಬಿಡಿಸಿ ಸುರುಳಿಗೆ ಸುತ್ತಬೇಕು. ಫಿಲಂನ ದಾರಿ ನನ್ನ ಬೆರಳಿಗೆ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ.

"ಮೆಲ್ಲಗೆ ರೇ. ಕೆಮ್ಮ್‌ಬೇಡ. ನೀನ್ ಕೆಮ್ಮಿದ್ರೆ ನನ್ ಕೈ ಹಾರ್ತದೆ, ನನ್ ಕೈ ಹಾರಿದ್ರೆ ನಿನ್ ಕೆರೆ ಹಾರ್ತದೆ."

ಆ ಕತ್ತಲಲ್ಲಿ ನನಗೆ ಎಲ್ಲ ಹೇಳಿಬಿಡುವ ಹಾಗಾಯಿತು. ಹೇಳಿದೆ. ಬೊಟ್ಟು, ಒರೆಸಿದ್ದು, ಮರೆತದ್ದು, ಅವ್ವ ಅಂದದ್ದು. ಅವರ ಚಿಮಟ ಅಲ್ಲಾಡಲಿಲ್ಲ.

"ಕಬ್ಣಕ್ಕೆ ಹಬ್ಬ ಗೊತ್ತಿಲ್ಲ ಬೇಟಾ. ಅದು ಹಳೇದಾಗಿತ್ತು, ಮುರೀತು. ಉಳಿದಿದ್ದು ಆ ಅಮ್ಮಂಗೆ ಈಗ್ಲೇ ಹೇಳ್ನಕ್ಕೋ, ಬೇಡ. ತೊಳೀದೇ ಇರೋ ಫಿಲಂನಾಗೆ ತಲೆ ಅದೆ ಅಂತಾನೂ ಹೇಳಂಗಿಲ್ಲ, ಇಲ್ಲ ಅಂತಾನೂ ಹೇಳಂಗಿಲ್ಲ."

ಫಿಲಂ ಸುರಕ್ಷಿತವಾಗಿ ಡಬ್ಬಿ ಸೇರಿತು. ತೊಳೆಯಲು ಬೊಂಬಾಯಿಗೆ ಹೋಗಬೇಕು. ರಿಜಿಸ್ಟರ್ ಪಾರ್ಸಲ್ ಮಾಡಿ, ವಾಪಸು ಬರುವ ವಿಳಾಸಕ್ಕೆ ಕೋಲಾರದ ಮನೆಯದನ್ನೇ ಬರೆದೆ. ಖಾದರ್ ಸಾಬರು ಮುರಿದ ಸ್ಪ್ರಿಂಗಿನ ತುದಿಯನ್ನು ದೀಪದ ಉರಿಯಲ್ಲಿ ಕಾಸಿ ಮೆತ್ತಗೆ ಮಾಡಿ, ಹೊಸ ತೂತು ಕೊರೆದು, ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಒಂದು ಗೇಣು ಉದ್ದ ಹೋಯಿತು. ಅಂದಿನಿಂದ ಆ ಕ್ಯಾಮೆರಾ ಒಂದೂವರೆ ಸುತ್ತಿಗೇ ಸುಸ್ತಾಗುತ್ತದೆ. ನಾನು ಎಲ್ಲ ಶುಚಿ ಮಾಡಿದೆ. ಕಿಂಡಿಯ ಗಾಜು ಒರೆಸಿದೆ. ಆದರೆ ಗಾಜಿನ ಸುತ್ತಲಿನ ಅಂಚಿನ ಗೆರೆಯಲ್ಲಿ ಕುಂಕುಮ ಒಣಗಿ ಕೂತಿತ್ತು. ಬಿದಿರು ಕಡ್ಡಿ ಹೆರೆದು ಎರಡು ಸಲ ಕೈಗೆ ತೆಗೆದುಕೊಂಡೆ, ಎರಡು ಸಲವೂ ಕೆಳಗಿಟ್ಟೆ.

ನಾಲ್ಕು ತಿಂಗಳು ಏನೂ ಬರಲಿಲ್ಲ. ಹೊಸ ಓವರ್ಸಿಯರು ಬಂದರು, ನಾನು ಅವರ ಸರಪಳಿ ಹಿಡಿದೆ. ದೇವರಾಯಸಮುದ್ರದ ಕೆರೆಯ ಕೆಳಗೆ ಎಷ್ಟೋ ವರ್ಷದ ಮೇಲೆ ಭತ್ತ ಬೆಳೆದು, ಕೊಯ್ದು, ಒಕ್ಕಣೆಯೂ ಆಯಿತು. ಆ ದಾರಿಯಲ್ಲಿ ಹೋದಾಗಲೆಲ್ಲ ಕೋಡಿಯ ಕಲ್ಲಿನ ಹತ್ತಿರ ನಿಂತು ಅಳೆಯುತ್ತಿದ್ದೆ. ಅವರು ಇಲ್ಲಿ, ನಾನು ಇಲ್ಲಿ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ. ಒಂದು ದಿನ ತಲೆ ಬಂದಿರಬೇಕು ಅನಿಸುತ್ತಿತ್ತು, ಇನ್ನೊಂದು ದಿನ ಇಲ್ಲ. ಸರಪಳಿಯ ಲೆಕ್ಕದಲ್ಲಿ ತಪ್ಪದವನು ಈ ಎರಡು ಮಾರಿನ ಲೆಕ್ಕ ಬಿಡಿಸಲಾರದೆ ಹೋದೆ.

ಯುಗಾದಿಗೆ ಮುಂಚೆ ಕಾರ್ಡು ಬಂತು. "ಪಾರ್ಸಲ್ ಬಂದಿದೆ. ನೀನು ಬಾರದೆ ಬಿಚ್ಚುವುದಿಲ್ಲ."

ರಾಯರ ಪ್ರೊಜೆಕ್ಟರು ಅಮ್ಮಾವ್ರ ಹತ್ತಿರವೇ ಇತ್ತು. ಪ್ಲೀಡರ ಮನೆಗೆ ಕರೆಂಟು ಇತ್ತು. ಹಗಲು ಮೂರು ಗಂಟೆ, ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದರು. ಗೋಡೆಗೆ ರಾಯರದೇ ಬಿಳಿ ಪಂಚೆ ಬಿಗಿದಿದ್ದರು. ಅಮ್ಮಾವ್ರು ನೆಲದ ಮೇಲೆ ಕೂತಿದ್ದರು, ತೊಡೆಯ ಮೇಲೆ ಪದ್ಮ. ಫಿಲಂ ಹಲ್ಲಿಗೆ ಕೂರಿಸುವಾಗ ಬೆಳಕಿಗೆ ಹಿಡಿದು ನೋಡಿಬಿಡಬಹುದಿತ್ತು. ನೋಡಲಿಲ್ಲ, ಅವರಿಗಿಂತ ಮೊದಲು ತಿಳಿಯುವುದು ನನಗೆ ಬೇಕಿರಲಿಲ್ಲ.

ನೀರು ಬಂತು. ಸದ್ದಿಲ್ಲದ ಕೋಡಿ, ಬೆಳ್ಳಿಯ ಹಾಗೆ. ಬಾಗಿನದ ಹೆಂಗಸರು ಬಂದರು, ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡರು. ನೀರುಗಂಟಿ ಬಂದು ಬಿಗಿಯಾಗಿ ನಿಂತ. ಆಮೇಲೆ ಚಿತ್ರ ಒಮ್ಮೆ ನಡುಗಿತು. ಅದು ನನ್ನ ಕೈ.

ಕತ್ತಿನಿಂದ ಮೇಲೆ ಇರಲಿಲ್ಲ.

ಕೋಟಿನ ಗುಂಡಿಗಳಿದ್ದವು, ಕೊಡೆಯ ಹಿಡಿ ಇತ್ತು, ಎಡಗೈ ಇತ್ತು. ಹೆಬ್ಬೆರಳು ಗೆಣ್ಣಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ನಿಂತಿತು. ತೋರುಬೆರಳು ಎದ್ದು ಮೇಲಕ್ಕೆ ತೋರಿಸಿತು. ಒಂದು ಗಳಿಗೆ ಬಿಟ್ಟು ಮತ್ತೆ, ಈ ಸಲ ಎರಡು ಬಾರಿ ಜಗ್ಗಿ: ಮೇಲೆ, ಮೇಲೆ. ಇನ್ನೊಂದು ಸುತ್ತು ಎಂದಲ್ಲ. ಕ್ಯಾಮೆರಾದ ಮೂತಿ ತಮ್ಮ ಎದೆಗೆ ಇರುವುದು ಎದುರು ನಿಂತವರಿಗೆ ಕಂಡಿತ್ತು, ಎತ್ತು ಎನ್ನುತ್ತಿದ್ದರು. ನಾನು ತಲೆಯಾಡಿಸಿದ್ದು ಆ ಮನುಷ್ಯನಿಗೆ ಹೇಗೆ ಕಂಡಿರಬೇಕು. ಕೋಟು ಕುಲುಕಿತು, ನಗುತ್ತಿದ್ದರು. ಆಮೇಲೆ ತಿರುಗಿ ನಡೆದರು. ದೂರ ಹೋದ ಹಾಗೆ ಹೆಗಲು, ಕತ್ತು, ಟೋಪಿ ಒಳಗೆ ಬಂದವು, ಬೆನ್ನು ಕಡೆಯಿಂದ. ನಾಲ್ಕು ಹೆಜ್ಜೆ. ಪಂಚೆಯ ಮೇಲೆ ಬರೀ ಬೆಳಕು.

ಅಮ್ಮಾವ್ರು ಇನ್ನೊಂದು ಸಲ ಹಾಕು ಎಂದರು. ಹಾಕಿದೆ. ಮತ್ತೊಂದು ಸಲ ಎಂದರು. ಮೂರನೆಯ ಸಲ ಪದ್ಮ ಪಂಚೆಯ ಕಡೆ ನೋಡುತ್ತಾ ತಾನೂ ತೋರುಬೆರಳು ಎತ್ತಿದಳು. ಅಮ್ಮಾವ್ರು ಅಳುತ್ತಿದ್ದವರು ನಕ್ಕುಬಿಟ್ಟರು.

"ನೋಡೋ, ತಲೆ ಇಲ್ದೇನೂ ನಿಂಗೆ ಪಾಠ ಹೇಳ್ತಾ ಇದ್ದಾರೆ."

"ತಪ್ಪು ನಂದೇ ಅಮ್ಮ. ಹತ್ರದಿಂದ ತೆಗೆಯೋವಾಗ ಮೇಲಕ್ಕೆತ್ತು ಅಂತ ನೂರು ಸಲ ಹೇಳಿದ್ರು, ಮರ್ತೆ."

ಅಷ್ಟಕ್ಕೇ ನಿಲ್ಲಿಸಿದೆ. ಜಮಖಾನ ಬಿಚ್ಚಿದೆ. ರಿಪೇರಿಯಾದ ಕ್ಯಾಮೆರಾವನ್ನು ಅವರ ಮುಂದಿಟ್ಟೆ. ಅವರು ಎತ್ತಿಕೊಂಡು, ರಾಯರು ಹಿಡಿಯುತ್ತಿದ್ದ ಹಾಗೆಯೇ ಹಿಡಿದು, ಕಿಂಡಿಯಿಂದ ಮಗಳನ್ನು ನೋಡಿದರು. ಕೆಳಗಿಳಿಸಿದವರು ಕಿಂಡಿಯ ಅಂಚಿಗೆ ಉಗುರು ತಾಗಿಸಿದರು. ಉಗುರಿನ ತುದಿ ಕೆಂಪಾಯಿತು.

"ಅವತ್ತು ಒರೆಸಿದ್ಯಾ?"

"ಒರೆಸಿದೆ ಅಮ್ಮ. ಹರಡ್ತು. ಮೇಲಿನ ಅರ್ಧ ಕಾಣ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?"

ಯಾಕೆಂದು ಅವರಿಗೇ ಹೊಳೆದಿರಬೇಕು. ಇಟ್ಟವಳು ನಾನಲ್ವಾ ಎಂದು ತಮಗೇ ಹೇಳಿಕೊಂಡರು. ಆಮೇಲೆ ಕೇಳಿದರು. "ಅವರು ನೋಡಿದ್ರಾ ಇದನ್ನ?"

"ನೋಡಿದ್ರು. ನಕ್ಕರು. ನಾನು ಒರೆಸಕ್ಕೆ ಹೋದ್ರೆ ಬೇಡ ಅಂದ್ರು."

"ಏನಂದ್ರು? ಹೇಗಂದ್ರೋ ಹಾಗೇ ಹೇಳು."

"'ನಿಮ್ಮಮ್ಮಾವ್ರು ಇದಕ್ಕೂ ಕುಂಕುಮ ಇಟ್ಟುಬಿಟ್ಟಿದ್ದಾರಲ್ಲೋ. ಇರ್ಲಿ ಬಿಡು, ಒರೆಸ್ಬೇಡ. ಅವಳು ಇಟ್ಟ ಗಳಿಗೆ ಚೆನ್ನಾಗಿದೆ, ಕೆರೆ ತುಂಬಿದೆ' ಅಂದ್ರು ಅಮ್ಮ. ನೀರಿನ ಸದ್ದು ಅಂತ ಕಿವಿ ಹತ್ರ ಬಗ್ಗಿ ಹೇಳಿದ್ರು."

ಅವರು ಮಗಳನ್ನು ಎದೆಗೆ ಒತ್ತಿಕೊಂಡು ಗೋಡೆಯ ಮೇಲಿನ ಖಾಲಿ ಪಂಚೆಯ ಕಡೆ ತಿರುಗಿದರು.

"ಇನ್ನೊಂದ್ಸಲ ಹೇಳು" ಎಂದರು.

ಹೇಳಿದೆ. ಮತ್ತೊಂದು ಸಲ ಕೇಳಿದರು. ಮತ್ತೆ ಹೇಳಿದೆ, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ, ನಗು ಬಂದ ಕಡೆ ನಗು ಬಂತೆಂದು ಸೇರಿಸಿ. ಐದು ತಿಂಗಳು ನಾನು ಯಾವುದನ್ನು ಮುಚ್ಚಿಟ್ಟುಕೊಂಡು ಒಣಗುತ್ತಿದ್ದೆನೋ, ಫಿಲಂ ಕೊಡಲಾರದ ಅವರ ಮಾತು, ನಗು ಅದರಲ್ಲೇ ಇತ್ತು. ಇದು ಆ ಹೊತ್ತಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ, ನರಸಾಪುರದಿಂದ ಬಂದವರು ಯಾರೋ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಾಗ ತಿಳಿಯಿತು.

ನಾನು ಹೊರಡುವ ಮುಂಚೆ ಅಮ್ಮಾವ್ರು ಕತ್ತರಿ ತಂದರು. ನನ್ನ ಅರ್ಧ ನಿಮಿಷವನ್ನು ಕತ್ತರಿಸಿ ಕುಂಕುಮದ ಭರಣಿಯಲ್ಲಿ ಸುತ್ತಿ ಇಟ್ಟುಕೊಂಡರು. ಆ ಭರಣಿ ಇನ್ನು ಬೇರೆ ಯಾವುದಕ್ಕೂ ಬೇಕಿರಲಿಲ್ಲ. ಉಳಿದ ನೀರನ್ನೂ ಕ್ಯಾಮೆರಾವನ್ನೂ ನನ್ನ ಕೈಗೆ ಕೊಟ್ಟರು. ಬೇಡವೆಂದೆ. ಇದನ್ನು ಶುಚಿಯಾಗಿಡುವವರು ನಮ್ಮ ಮನೆಯಲ್ಲಿ ಇನ್ಯಾರೂ ಇಲ್ಲ ಎಂದರು. ಬಾಗಿಲವರೆಗೆ ಬಂದು, "ಗಾಜು ಒರೆಸ್ಕೋ. ಅಂಚಿಂದು ಬಿಡು" ಎಂದರು.

ಆಮೇಲೆ ಅವರು ಮೈಸೂರಿಗೆ ಹೋದರು. ಕೆಲವು ವರ್ಷ ಕಾಗದ ಬರುತ್ತಿತ್ತು, ನಿಂತಿತು. ಯುದ್ಧ ಮುಗಿದು ಫಿಲಂ ಸಿಗತೊಡಗಿದ ಮೇಲೆ ನಾನು ಆ ಕ್ಯಾಮೆರಾದಲ್ಲಿ ಏನೇನೋ ತೆಗೆದೆ. ಕುರುಡುಮಲೆಯಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಯಾರು ಯಾರದೋ ಮದುವೆಗಳಲ್ಲಿ. ಒಂದೂವರೆ ಸುತ್ತು ಎಣಿಸಿ ಬಿಡುತ್ತಿದ್ದೆ. ಮತ್ತೆ ಯಾರ ತಲೆಯನ್ನೂ ಕಡಿಯಲಿಲ್ಲ. ನಾನು ಡಬ್ಬಿಯಲ್ಲಿಟ್ಟ ನೀರು ಹುಳಿ ಹಿಡಿದಿದೆ ಎಂದರೆ ಆ ಭರಣಿಯಲ್ಲಿರುವ ಬೆರಳೂ ಇಷ್ಟು ಹೊತ್ತಿಗೆ ಹುಳಿ ಹಿಡಿದಿರಬೇಕು. ಪದ್ಮಳಿಗೆ ಈಗ ನಲವತ್ತು ದಾಟಿರುತ್ತದೆ. ಅಪ್ಪ ಎಂದರೆ ಅವಳಿಗೆ ಏನು ನೆನಪಾಗುತ್ತದೋ. ಬೆರಳು ಎತ್ತಿದ್ದಂತೂ ನಾನು ನೋಡಿದ್ದೇನೆ.

ಡಬ್ಬಿಯ ಮುಚ್ಚಳ ಹಾಕುವ ಹೊತ್ತಿಗೆ ಸುಜಾತ ಕೈ ಒರೆಸಿಕೊಳ್ಳುತ್ತಾ ಬಂದಳು. ಚರ್ಮದ ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದು, ಧೂಳು ಊದಿ, ಸ್ಪ್ಯಾನರುಗಳ ಪಕ್ಕದಲ್ಲಿ ಕೂರಿಸಿದಳು. ನಾಳೆ ಮರೆಯಬಾರದೆಂದು ಈಗಲೇ ಕೇಳಿಕೊಳ್ಳುತ್ತೇನೆ ಎನ್ನುವ ಹಾಗೆ ನನ್ನ ಕಡೆ ತಿರುಗಿದಳು.

"ಇದಕ್ಕೆ ಕುಂಕುಮ ಎಲ್ಲಿಡ್ಲಿ ಮಾವ? ಗಾಜಿಗೆ ಇಡಂಗಿಲ್ಲ ಅಂತೀರ." ಬಗ್ಗಿ ಹತ್ತಿರದಿಂದ ನೋಡಿದಳು. "ಇಲ್ಲಿ ಆಗ್ಲೇ ಯಾರೋ ಇಟ್ಟವ್ರೆ."

"ಹೂಂನಮ್ಮ, ಇಟ್ಟವ್ರೆ. ನೀನು ಪಕ್ಕದ ತಗಡಿಗೆ ಇಡು" ಅಂದೆ.